ಮಾತಾಡುವಷ್ಟು ನಿಧಾನ

— ಬಾ, ಈ ಬೆಂಚಿನ ಮೇಲೆ ಕೂತು ಕಾಲು ಚಾಚು. ನೋವು ಎಲ್ಲಿ, ತೋರಿಸು.

— ಇಲ್ಲಿ ಮೇಡಂ. ಪಾದದ ಗಂಟಿನಿಂದ ಒಂದು ಗೇಣು ಮೇಲೆ, ಒಳಮಗ್ಗುಲಲ್ಲಿ.

— ಒಂದೇ ಬೆರಳಿಟ್ಟು ತೋರಿಸಿದೆ ನೋಡು, ಅದಕ್ಕೇ ನನಗೆ ಅನುಮಾನ. ಶಿನ್ ಸ್ಪ್ಲಿಂಟ್, ಅಂದ್ರೆ ಮುಂಗಾಲ ಮೂಳೆಯ ಉದ್ದಕ್ಕೂ ಬರೋ ನೋವು, ಆದವರು ಅಂಗೈಯಲ್ಲಿ ಉದ್ದಕ್ಕೂ ಸವರಿ ತೋರಿಸ್ತಾರೆ. ಓಡ್ತಾ ಮೈ ಬಿಸಿಯಾದ ಹಾಗೆ ಆ ನೋವು ಎಷ್ಟೋ ಸಲ ಇಳಿಯುತ್ತೆ. ನಿನ್ನದು ಹೇಗೆ?

— ಓಡಿದಷ್ಟೂ ಜಾಸ್ತಿಯಾಗ್ತಿತ್ತು. ಕೊನೆಕೊನೆಗೆ ರಾತ್ರಿ ಮಲಗಿದಾಗಲೂ ಇತ್ತು. ಮೊದಲು ತೆಗೆದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನೋವು ಹೋಗಲಿಲ್ಲ ಅಂತ ಎಂಆರ್‌ಐ ಮಾಡಿಸಿದ್ರು. ಮುಂಗಾಲ ಮೂಳೆ ಟಿಬಿಯಾದಲ್ಲಿ ಸ್ಟ್ರೆಸ್ ಫ್ರಾಕ್ಚರ್, ಶುರುವಿನ ಹಂತ. ಆರರಿಂದ ಎಂಟು ವಾರ ಓಡೋ ಹಾಗಿಲ್ಲ ಅಂದ್ರು ಮೂಳೆ ಡಾಕ್ಟರು.

— ಮೊದಲ ಎರಡು ಮೂರು ವಾರ ಈ ಬಿರುಕು ಎಕ್ಸ್‌ರೇಗೆ ಸಿಗೋದು ಅಪರೂಪ. ರಿಪೋರ್ಟ್ ನಾರ್ಮಲ್ ಅಂತ ಮತ್ತೆ ರಸ್ತೆಗಿಳಿದು, ಕೂದಲೆಳೆಯಷ್ಟಿದ್ದ ಬಿರುಕನ್ನ ಪೂರ್ತಿ ಮುರಿತ ಮಾಡ್ಕೊಂಡವರಿದ್ದಾರೆ. ನೀನು ಹಟ ಮಾಡದೆ ಎರಡನೇ ಸಲ ಡಾಕ್ಟರ ಹತ್ತಿರ ಹೋದೆಯಲ್ಲ, ದೊಡ್ಡದು.

— ಏಪ್ರಿಲ್‌ನ ವರ್ಲ್ಡ್ 10ಕೆ ರೇಸ್ ಹೋಯ್ತು ಮೇಡಂ. ಅದೇ ಸಂಕಟ. ಈ ಸಲ ಒಂದು ಗಂಟೆಯೊಳಗೆ ಮುಗಿಸೋದು ಗ್ಯಾರಂಟಿ ಅಂತಿದ್ರು ಎಲ್ಲರೂ. ಉಸಿರು ಸಲೀಸಾಗಿತ್ತು, ಹಾರ್ಟ್‌ರೇಟ್ ಇಳಿದಿತ್ತು. ವಾರಕ್ಕೆ 25 ಕಿಲೋಮೀಟರ್ ಇದ್ದದ್ದು 45ಕ್ಕೆ ಬಂದಿತ್ತು. ಎಲ್ಲಾ ಕೂಡಿ ಬಂದ ಹೊತ್ತಲ್ಲೇ ಹೀಗಾಯ್ತು.

— ಆ ಹೊತ್ತಲ್ಲೇ ಆಗೋದು. ಹೃದಯ, ಶ್ವಾಸಕೋಶ ಕೆಲವೇ ವಾರದಲ್ಲಿ ಓಟಕ್ಕೆ ಒಗ್ಗಿಬಿಡ್ತವೆ. ಮೂಳೆಗೆ ತಿಂಗಳುಗಳು ಬೇಕು. ಪೆಟ್ಟು ಬಿದ್ದ ಜಾಗದಲ್ಲಿ ದೇಹ ಮೊದಲು ಹಳೇ ಮೂಳೆಯನ್ನ ಕರಗಿಸಿ ತೆಗೆಯುತ್ತೆ, ಆಮೇಲೆ ಹೊಸದನ್ನ ತುಂಬುತ್ತೆ. ಗೋಡೆ ರಿಪೇರಿಗೆ ಮೊದಲು ಸಡಿಲ ಇಟ್ಟಿಗೆ ಕೀಳ್ತಾರಲ್ಲ, ಹಾಗೆ. ಹಳೇದು ಹೋಗಿದೆ, ಹೊಸದು ಇನ್ನೂ ಗಟ್ಟಿಯಾಗಿಲ್ಲ ಅನ್ನೋ ವಾರಗಳಲ್ಲಿ ಆ ಮೂಳೆ ಮೊದಲಿಗಿಂತಲೂ ಬಲಹೀನ. ಒಂದು ಸುತ್ತು ಪೂರ್ತಿಯಾಗೋಕೆ ಮೂರು ನಾಲ್ಕು ತಿಂಗಳು. ನಿನ್ನ ಉಸಿರು ಇನ್ನೂ ಓಡು ಅಂತಿತ್ತು, ಮೂಳೆಗೆ ಬಾಯಿಲ್ಲ.

— ವಾರಕ್ಕೆ ಶೇ 10ಕ್ಕಿಂತ ಜಾಸ್ತಿ ಏರಿಸಬಾರದು ಅನ್ನೋ ನಿಯಮ ಇದೆಯಲ್ಲ, ಅದನ್ನ ಒಂದು ವಾರವೂ ಮೀರಲಿಲ್ಲ ನಾನು.

— ಲೆಕ್ಕ ಹಾಕು. 25ರಿಂದ ಶುರು ಮಾಡಿ ವಾರವಾರ ಶೇ 10 ಏರಿಸು. ಆರೇಳು ವಾರಕ್ಕೆ 45 ಮುಟ್ಟುತ್ತೆ. ಮೂಳೆ ಬಲಹೀನವಾಗಿರೋ ಹೊತ್ತಿಗೆ ಸರಿಯಾಗಿ ಭಾರ ದುಪ್ಪಟ್ಟಿನ ಹತ್ತಿರ ಬಂತು. ಆ ನಿಯಮಕ್ಕೆ ಅಂಥ ದೊಡ್ಡ ಆಧಾರವೇನೂ ಇಲ್ಲ ಕಣಪ್ಪ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ 532 ಹೊಸ ಓಟಗಾರರನ್ನ ಎರಡು ಗುಂಪು ಮಾಡಿ ನೋಡಿದ್ರು, 2008ರಲ್ಲಿ ಫಲಿತಾಂಶ ಪ್ರಕಟವಾಯ್ತು. ಒಂದು ಗುಂಪು ಶೇ 10ರ ಲೆಕ್ಕದಲ್ಲಿ 13 ವಾರ ಮೆಲ್ಲಗೆ ಏರಿಸಿತು, ಇನ್ನೊಂದು 8 ವಾರದಲ್ಲೇ ಏರಿಸಿತು. ಎರಡರಲ್ಲೂ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಗಾಯ. ನಾನಾದ್ರೆ ಎರಡು ಮೂರು ವಾರ ಏರಿಸಿ ಒಂದು ವಾರ ಇಳಿಸ್ತೀನಿ, ಒಂದು ಮಟ್ಟ ಮುಟ್ಟಿದ ಮೇಲೆ ಅಲ್ಲೇ ತಿಂಗಳುಗಟ್ಟಲೆ ನಿಲ್ಲಿಸ್ತೀನಿ. ಅದಿರಲಿ, ಈಗ ಇನ್ನೊಂದು ಕೇಳ್ತೀನಿ. ಮಂಗಳವಾರ, ಗುರುವಾರ ನಿನ್ನದು ಹಗುರ ಓಟ ತಾನೆ? ಪೇಸ್ ಎಷ್ಟಿರ್ತಿತ್ತು?

— 6:10, 6:15.

— 10 ಕಿಲೋಮೀಟರ್ ಒಂದು ಗಂಟೆಯಲ್ಲಿ ಮುಗಿಸೋಕೆ ಬೇಕಾದ್ದು ಕಿಲೋಮೀಟರಿಗೆ 6:00. ಹಗುರ ಓಟ 6:10 ಅಂದ್ರೆ ವಾರಪೂರ್ತಿ ರೇಸ್ ಓಡಿದ ಹಾಗೇ ಆಯ್ತಲ್ಲ. ನಿನ್ನಂಥವನಿಗೆ ಹಗುರ ಅಂದ್ರೆ 7:15, 7:30. ಹಾಗ್ಯಾಕೆ ಓಡಲಿಲ್ಲ, ನಿಜ ಹೇಳು.

— ಹೇಳ್ತೀನಿ. ಓಟ ಮುಗಿದ ತಕ್ಷಣ ವಾಚ್‌ನಿಂದ ಆಪ್‌ಗೆ ಹೋಗುತ್ತೆ, ಆಪ್‌ನಿಂದ ನಮ್ಮ ವಾಟ್ಸಾಪ್ ಗುಂಪಿಗೆ. 7:20 ಅಂತ ಹಾಕೋಕೆ ಕೈ ಬರೋದಿಲ್ಲ. ನೋಡಿದವರು ಏನಂದ್ಕೋತಾರೋ ಅನ್ಸುತ್ತೆ. ಕಬ್ಬನ್ ಪಾರ್ಕ್‌ನಲ್ಲಿ ಭಾನುವಾರ ನಿಧಾನ ಓಡಿದ್ರೆ ಹಿಂದಿನಿಂದ ಒಬ್ಬೊಬ್ಬರೇ ದಾಟಿ ಹೋಗ್ತಾರೆ. ಕೊನೇ ಅರ್ಧ ಕಿಲೋಮೀಟರ್ ತಾನಾಗೇ ಕಾಲು ಜೋರಾಗುತ್ತೆ, ಆವರೇಜ್ ಸರಿಮಾಡೋಕೆ.

— ನಮ್ಮ ಓಟಗಾರರಲ್ಲಿ ಬಹುಪಾಲು ಜನರ ಕಥೆ ಇದು. ಬೂಟು ಸರಿಯಿಲ್ಲ, ಸ್ಟ್ರೆಚ್ ಮಾಡಲಿಲ್ಲ, ರಸ್ತೆ ಗಟ್ಟಿ, ಏನೇನೋ ಕಾರಣ ಹುಡುಕ್ತಾರೆ. ಹಗುರ ದಿನವನ್ನ ಹಗುರವಾಗಿ ಓಡಲಿಲ್ಲ ಅನ್ನೋದನ್ನ ಮಾತ್ರ ಯಾರೂ ನೋಡೋದಿಲ್ಲ. ನಾಲ್ಕು ಜನರ ಮುಂದೆ ಇಡಬೇಕು ಅನ್ನೋ ಒಂದೇ ಕಾರಣಕ್ಕೆ ಮಂಗಳವಾರದ ಓಟ ಬೇರೆಯೇ ಆಗಿಬಿಡುತ್ತೆ.

— ಆದ್ರೆ ಮೇಡಂ, ವಾರಕ್ಕೆ ನಾಲ್ಕು ದಿನ ಓಡೋನು ನಾನು. ಅದರಲ್ಲಿ ಮೂರು ದಿನ ಆಮೆ ಹಾಗೆ ಓಡಿದ್ರೆ ವೇಗ ಬರೋದು ಯಾವಾಗ?

— ನಾಲ್ಕನೇ ದಿನ. ಆ ಒಂದು ದಿನ ಕಾಲಿನಲ್ಲಿ ಕಸುವು ಇರಬೇಕಾದ್ರೆ ಉಳಿದ ಮೂರು ದಿನ ಅದನ್ನ ಖರ್ಚು ಮಾಡಬಾರದು. ಸ್ಟೀಫನ್ ಸೈಲರ್ ಅಂತ ನಾರ್ವೆಯಲ್ಲಿರೋ ವಿಜ್ಞಾನಿ, ದೂರದ ಓಟ, ಸ್ಕೀಯಿಂಗ್, ದೋಣಿ ಹುಟ್ಟುಹಾಕೋ ಸ್ಪರ್ಧೆ, ಇವುಗಳ ಮೇಲ್ಮಟ್ಟದ ಆಟಗಾರರು ಹೇಗೆ ತಯಾರಾಗ್ತಾರೆ ಅಂತ ವರ್ಷಗಟ್ಟಲೆ ನೋಡಿದವರು. ಸುಮಾರು ಶೇ 80ರಷ್ಟು ತರಬೇತಿ ಹಗುರವಾದದ್ದೇ ಅಂತ ಅವರು ಕಂಡುಕೊಂಡ್ರು. ಕೀನ್ಯಾದ ಓಟಗಾರ ಕಿಪ್ಚೊಗೆ 2022ರಲ್ಲಿ ಬರ್ಲಿನ್‌ನಲ್ಲಿ 2:01:09ಕ್ಕೆ ಮ್ಯಾರಥಾನ್ ಮುಗಿಸಿದ್ರಲ್ಲ, ಕಿಲೋಮೀಟರಿಗೆ 2:52. ಅಂಥವರೂ ಹಗುರ ದಿನ ಅದರ ಹತ್ತಿರಕ್ಕೂ ಹೋಗೋದಿಲ್ಲ.

— ಅವರದ್ದು ಹೊಟ್ಟೆಪಾಡು. ನಮ್ಮದು ಹವ್ಯಾಸ.

— ಹವ್ಯಾಸದ ಓಟ ಹುಟ್ಟಿದ್ದೇ ನಿಧಾನದಲ್ಲಿ. ಆರ್ಥರ್ ಲಿಡಿಯಾರ್ಡ್ ಅಂತ ನ್ಯೂಜಿಲೆಂಡಿನ ಕೋಚ್, ಬೂಟಿನ ಕಾರ್ಖಾನೆಯಲ್ಲಿ ದುಡಿದವರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಅವರ ಇಬ್ಬರು ಹುಡುಗರು ಚಿನ್ನ ಗೆದ್ರು. ಪೀಟರ್ ಸ್ನೆಲ್ 800 ಮೀಟರ್, ಮರ್ರಿ ಹಾಲ್ಬರ್ಗ್ 5000 ಮೀಟರ್. ಅದೇ ಲಿಡಿಯಾರ್ಡ್ ಆಮೇಲೆ ಆಕ್ಲೆಂಡ್‌ನಲ್ಲಿ ನಡುವಯಸ್ಸಿನ ಸಾಮಾನ್ಯ ಜನರನ್ನ, ಹೃದಯದ ಕಾಯಿಲೆ ಕಂಡವರನ್ನ ಸೇರಿಸಿಕೊಂಡು ಮೆಲ್ಲಗೆ ಓಡಿಸೋಕೆ ಶುರು ಮಾಡಿದ್ರು. ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಅಷ್ಟೇ ವೇಗ. 1962ರ ಕೊನೆಗೆ ಅಮೆರಿಕದ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದ್ರು. ದೊಡ್ಡ ಕೋಚ್, ಮುಂದೆ ನೈಕಿ ಕಂಪನಿ ಕಟ್ಟಿದವರಲ್ಲಿ ಒಬ್ಬರು, ಆಗ ವಯಸ್ಸು ಐವತ್ತು ದಾಟಿತ್ತು. ಆ ಗುಂಪಿನ ಜೊತೆ ಓಡೋಕೆ ಹೋಗಿ ಏದುಸಿರು ಬಂತು. ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಹಿರಿಯರೊಬ್ಬರು ಹಿಂದೆ ಉಳಿದು ಅವರನ್ನ ಮಾತಾಡಿಸ್ಕೊಂಡು ಕರ್ಕೊಂಡು ಬಂದ್ರು. ಬೋವರ್‌ಮನ್ ಊರಿಗೆ ಹೋಗಿ ಜನರನ್ನ ಓಡಿಸೋಕೆ ಶುರು ಮಾಡಿದ್ರು, ಹೃದ್ರೋಗ ತಜ್ಞರೊಬ್ಬರ ಜೊತೆ ಸೇರಿ ಜಾಗಿಂಗ್ ಬಗ್ಗೆ ಪುಸ್ತಕ ಬರೆದ್ರು. ಅಮೆರಿಕದಲ್ಲಿ ಜಾಗಿಂಗ್ ಹಬ್ಬಿದ್ದಕ್ಕೆ ಅದೊಂದು ಮುಖ್ಯ ಕಾರಣ.

— ಮಾತಾಡೋಕೆ ಆಗಬೇಕು ಅಂದ್ರೆ ಎಷ್ಟು? ಹೂಂ, ಹಾಂ ಅನ್ನೋಷ್ಟು?

— ಊಹೂಂ. ಪೂರ್ತಿ ವಾಕ್ಯ. ನಿನ್ನೆ ಮನೇಲಿ ಏನು ಅಡಿಗೆ, ಆಫೀಸಲ್ಲಿ ಯಾರು ಏನಂದ್ರು, ಇಷ್ಟನ್ನೂ ತಡೆಯಿಲ್ಲದೆ ಹೇಳೋ ಹಾಗಿರಬೇಕು. ಮಧ್ಯೆ ಉಸಿರಿಗೆ ನಿಲ್ಲಬೇಕಾಯ್ತು ಅಂದ್ರೆ ಜೋರಾಯ್ತು. ವಾಚ್ ಬೇಕಾಗಿಲ್ಲ ಅದಕ್ಕೆ, ಜೊತೆಗೊಬ್ಬರು ಬೇಕು.

— ಗುಂಪೇ ಕೆಡಿಸ್ತು ಅಂತೀರಿ, ಜೊತೆಗೊಬ್ಬರು ಬೇಕು ಅಂತಲೂ ಅಂತೀರಿ.

— ಗುಂಪು ಕೆಡಿಸ್ತು ಅಂತ ನಾನೆಲ್ಲಿ ಹೇಳಿದೆ?

— ನಾನು ಹಾಸನದಿಂದ ಬಂದು ಇಲ್ಲಿ ಪಿಜಿಯಲ್ಲಿ ಇದ್ದಾಗ ಆಫೀಸಿನವರನ್ನ ಬಿಟ್ರೆ ಒಬ್ಬರೂ ಗೊತ್ತಿರಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ, ನನಗೂ ಬಾರ್ಡರ್‌ಲೈನ್ ಅಂದ್ರು. ಒಬ್ಬನೇ ಓಡಿದ್ದು ಒಂದೇ ವಾರ, ಬಿಟ್ಟುಬಿಟ್ಟೆ. ಆಮೇಲೆ ಆ ಗುಂಪು ಸಿಕ್ಕಿತು. ಐದು ಗಂಟೆಗೆ ಗೇಟ್ ಹತ್ತಿರ ನಾಲ್ಕು ಜನ ಕಾಯ್ತಿರ್ತಾರೆ ಅನ್ನೋದು ಗೊತ್ತಿದ್ರೆ ಅಲಾರಂ ಆಫ್ ಮಾಡಿ ಮಲಗೋಕೆ ಆಗಲ್ಲ ಮೇಡಂ. ಮೊದಲ ಸಲ 5 ಕಿಲೋಮೀಟರ್ ನಿಲ್ಲದೆ ಓಡಿದ ದಿನ ಅವರೆಲ್ಲ ಖುಷಿಪಟ್ಟಷ್ಟು ನಮ್ಮ ಮನೇಲೂ ಯಾರೂ ಪಡಲಿಲ್ಲ. ಅವರ ಮುಂದೆ ಹೇಳ್ಕೊಳ್ಳೋಕೆ ಇಲ್ಲದಿದ್ರೆ ನಾನು ಓಡ್ತಲೇ ಇರಲಿಲ್ಲ.

— ನೀನು ಹೇಳೋದು ಸರಿ. ನನ್ನ ಪಾಲಿಗಂತೂ ಗುಂಪು ಇನ್ನೂ ಹೆಚ್ಚು. ಬೆಳಗಿನ ಜಾವದ ಕತ್ತಲಲ್ಲಿ ಒಬ್ಬಳೇ ಹೆಂಗಸು ರಸ್ತೆಯಲ್ಲಿ ಓಡೋದು ಈಗಲೂ ಸುಲಭ ಅಲ್ಲ. ನಾಯಿ ಒಂದು ಕಡೆ, ನಿಧಾನ ಮಾಡಿ ಪಕ್ಕಕ್ಕೆ ಬರೋ ಬೈಕು ಇನ್ನೊಂದು ಕಡೆ. ನಾಲ್ಕು ಜನ ಹೆಂಗಸರು ಒಟ್ಟಿಗೆ ಹೊರಟ ಮೇಲೇ ನಾನು ಸರಿಯಾಗಿ ಓಡಿದ್ದು. ನಾನು ಹೈಸ್ಕೂಲಿನಲ್ಲಿದ್ದಾಗ ಹುಡುಗಿಯರಿಗೆ ದೂರದ ಓಟ ಅಂತಲೇ ಇರಲಿಲ್ಲ. ಒಲಿಂಪಿಕ್ಸ್‌ನಲ್ಲೇ ಹೆಂಗಸರಿಗೆ 1500 ಮೀಟರ್ ದಾಟಿದ ಓಟ ಬಂದಿದ್ದು 1984ರಲ್ಲಿ. ಲಾಸ್ ಏಂಜಲೀಸ್‌ನ ಆ ಕ್ರೀಡಾಕೂಟ ಅಂದ್ರೆ ನಮಗೆಲ್ಲ ಪಿ.ಟಿ. ಉಷಾ, ಸೆಕೆಂಡಿನ ನೂರರಲ್ಲಿ ಒಂದು ಭಾಗದಲ್ಲಿ ಕಂಚು ತಪ್ಪಿದ್ದು. ಅದೇ ಕೂಟದಲ್ಲಿ ಹೆಂಗಸರ ಮೊದಲ ಒಲಿಂಪಿಕ್ ಮ್ಯಾರಥಾನ್ ನಡೀತು, ಜೋನ್ ಬೆನೊಯಿಟ್ ಗೆದ್ರು ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ, ನಾನೇ ಓಡೋಕೆ ಶುರು ಮಾಡಿದಾಗ.

— ಬೆನೊಯಿಟ್! ಅವರ ವಿಷಯ ನಾನೇ ತೆಗೀಬೇಕು ಅಂತಿದ್ದೆ. ಮಂಡಿಗೆ ಆಪರೇಷನ್ ಆಗಿ 17 ದಿನಕ್ಕೆ ಅಮೆರಿಕದ ಆಯ್ಕೆ ಮ್ಯಾರಥಾನ್ ಗೆದ್ದವರು ಅವರು. ನಮ್ಮ ಗುಂಪಿನಲ್ಲಿ ಒಬ್ಬರು ನನಗೆ ಅದನ್ನೇ ಕಳಿಸಿದ್ರು, ಧೈರ್ಯಗೆಡಬೇಡ ಅಂತ.

— ಕಳಿಸಿದವರ ಮನಸ್ಸು ಒಳ್ಳೇದು. ಆದ್ರೆ ಆ ಉದಾಹರಣೆ ನಿನ್ನ ಕಾಲಿಗೆ ಹೊಂದೋದಿಲ್ಲ. ಬೆನೊಯಿಟ್ ಅವರ ಮಂಡಿಯಲ್ಲಿ ಅಡ್ಡ ಬರ್ತಿದ್ದ ಒಂದು ಪದರವನ್ನ ಸಣ್ಣ ತೂತು ಮಾಡಿ ತೆಗೆದ್ರು. ಅಡ್ಡ ಇದ್ದದ್ದು ಹೋಯ್ತು, ಮಂಡಿ ಆಡಿತು. ಅದರ ಹಿಂದೆ ವರ್ಷಗಟ್ಟಲೆ ಓಡಿದ ಕಾಲಿತ್ತು. ನಿನ್ನದು ಮೂಳೆ. ಮೂಳೆಗೆ ಬೇಕಾದ ಕಾಲ ಎಷ್ಟು ಛಲ ಇದ್ರೂ ಕಡಿಮೆಯಾಗೋದಿಲ್ಲ. ಎಡವಟ್ಟಾದಾಗ ಗೆದ್ದವರ ಕಥೆ ಮಾತ್ರ ಹಂಚೋದು ಅಪಾಯ ಕಣೋ. ನೋವಿದ್ರೂ ಓಡಿ ವರ್ಷಗಟ್ಟಲೆ ಕುಂಟಿದವರನ್ನ ಯಾರೂ ಪೋಸ್ಟರ್ ಮಾಡಿ ಕಳಿಸೋದಿಲ್ಲ.

— ಹೌದು, ಗಾಯದ ವಿಷಯ ಗುಂಪಲ್ಲಿ ಹೇಳೋಕೆ ನನಗೂ ಮುಜುಗರ ಆಯ್ತು. ಆಫೀಸ್ ಕೆಲಸ ಜಾಸ್ತಿ ಅಂತ ಹೇಳಿ ತಪ್ಪಿಸ್ಕೊಂಡಿದ್ದೆ.

— ಹೆಣ್ಣುಮಕ್ಕಳ ಗುಂಪಿನಲ್ಲಿ ಇದು ಇನ್ನೂ ಕಷ್ಟ. ಓಡ್ತಾ ಓಡ್ತಾ ಒಬ್ಬಳು ತೆಳ್ಳಗಾದ್ರೆ ಎಲ್ಲರೂ ಹೊಗಳ್ತಾರೆ. ಊಟ ಕಡಿಮೆ ಮಾಡಿ ಓಟ ಜಾಸ್ತಿ ಮಾಡಿದವಳಿಗೆ ಮುಟ್ಟು ನಿಲ್ಲುತ್ತೆ. ಅನುಕೂಲವೇ ಆಯ್ತು ಅಂತ ಸುಮ್ಮನಿರ್ತಾಳೆ. ಅದು ಎಚ್ಚರಿಕೆಯ ಗಂಟೆ. ದೇಹಕ್ಕೆ ಸಿಗೋ ಆಹಾರ ಓಟಕ್ಕೇ ಖರ್ಚಾಗಿ ಉಳಿದ ಕೆಲಸಕ್ಕೆ ಸಾಲದಿದ್ರೆ ಹಾರ್ಮೋನು ಏರುಪೇರಾಗುತ್ತೆ, ಮೂಳೆ ಸವೆಯುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೊಂದು ಹೆಸರು ಕೊಟ್ಟು, ಗಂಡಸರಿಗೂ ಆಗುತ್ತೆ ಅಂತ ಹೇಳಿತು. ನಮ್ಮ ಶಾಲೆಯ ಹುಡುಗಿಯರಿಗೆ ನಾನು ಮೊದಲು ಕೇಳೋದೇ ಮುಟ್ಟು ಸರಿಯಾಗಿ ಆಗ್ತಿದೆಯಾ ಅಂತ. ಮೊದಲು ನಾಚ್ಕೋತಾರೆ, ಆಮೇಲೆ ಅವರೇ ಬಂದು ಹೇಳ್ತಾರೆ. ಟೈಮಿಂಗ್ ಆಮೇಲೆ ಕೇಳ್ತೀನಿ. ನೀನೂ ಒಂದು ಸಲ ವಿಟಮಿನ್ ಡಿ ನೋಡಿಸು. ರಾಗಿ ತಿಂತೀಯಾ?

— ಪಿಜಿ ಬಿಟ್ಟ ಮೇಲೆ ತಿಂತೀನಿ. ರಾತ್ರಿ ಮುದ್ದೆ.

— ಬಿಡಬೇಡ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ.

— ವಾಪಸ್ ಓಡೋಕೆ ಶುರು ಮಾಡೋದು ಹೇಗೆ ಮೇಡಂ? ಎಂಟು ವಾರ ಆದ ಮರುದಿನ 5 ಕಿಲೋಮೀಟರ್‌ನಿಂದ ಶುರು ಮಾಡಲಾ?

— ಕ್ಯಾಲೆಂಡರ್ ನೋಡಿ ಶುರು ಮಾಡೋದಲ್ಲ. ಮೊದಲು ಅರ್ಧ ಗಂಟೆ ಬಿರುಸಾಗಿ ನಡೆದ್ರೆ ನೋವಿರಬಾರದು. ಬೆರಳಿಟ್ಟು ಒತ್ತಿದ್ರೆ ನೋಯಬಾರದು. ಆಮೇಲೆ ಆ ಒಂದೇ ಕಾಲ ಮೇಲೆ ಕುಂಟಾಬಿಲ್ಲೆ ಆಡೋ ಹಾಗೆ ಕುಪ್ಪಳಿಸು. ಹತ್ತು ಸಲ ಕುಪ್ಪಳಿಸಿದ್ರೂ ಏನೂ ಅನ್ನಿಸಬಾರದು. ಡಾಕ್ಟರು ಸರಿ ಅಂದ ಮೇಲೆ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ, ದಿನ ಬಿಟ್ಟು ದಿನ. ಅಲ್ಲಿವರೆಗೆ ಅವರನ್ನ ಕೇಳಿ ಸೈಕಲ್ಲು, ಈಜು. ಉಸಿರು ಕೆಡೋದಿಲ್ಲ.

— ಒಂದು ನಿಮಿಷದ ಓಟವನ್ನ ಗುಂಪಿಗೆ ಹಾಕಲಾ?

— ಹಾಕಬೇಕು. ನನ್ನ ಮಾತಿನ ಅರ್ಥವೇ ಅದು. ಸ್ಟ್ರೆಸ್ ಫ್ರಾಕ್ಚರ್ ಆಗಿತ್ತು, ಎಕ್ಸ್‌ರೇಯಲ್ಲಿ ಕಾಣಲಿಲ್ಲ, ಹೀಗೀಗೆ ಆಯ್ತು, ಇವತ್ತು ಒಂದು ನಿಮಿಷ ಓಡಿದೆ ಅಂತ ಬರಿ. ಗುಂಪಿನಲ್ಲಿ ಇನ್ನೂ ಒಬ್ಬರಾದ್ರೂ ಕಾಲು ನೋವು ಮುಚ್ಚಿಟ್ಕೊಂಡು ಓಡ್ತಿರ್ತಾರೆ, ಅವರು ಓದ್ತಾರೆ. ಪಿಬಿ, ಅಂದ್ರೆ ತನ್ನ ಅತ್ಯುತ್ತಮ ಸಮಯ, ಬಂದ ದಿನದ ಫೋಟೊದಿಂದ ಅಂಥವರಿಗೆ ಏನೂ ಸಿಗೋದಿಲ್ಲ. ನಾನು ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್‌ನಲ್ಲಿ ನಡುವೆ ನಿಂತವಳು. ನಾಲೆಯ ಪಕ್ಕದ ಮಣ್ಣುದಾರಿ, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಬೆಳಿಗ್ಗೆ ತಂಪಾಗಿರುತ್ತೆ, ಬಿಸಿಲೇರಿದ ಮೇಲೆ ಎಷ್ಟೋ ದೂರ ನೆರಳಿಲ್ಲ. ತಲೆ ಸುತ್ತಿತು, ಬೆವರು ನಿಂತ ಹಾಗಾಯ್ತು, ಕೂತೆ. ಫಲಿತಾಂಶದಲ್ಲಿ ಹೆಸರಿನ ಮುಂದೆ ಓಟ ಮುಗಿಸಲಿಲ್ಲ ಅನ್ನೋ ಡಿಎನ್‌ಎಫ್. ಮಾರನೆ ದಿನ ನಮ್ಮ ಹೆಂಗಸರ ಗುಂಪಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಸಂಜೆಯೊಳಗೆ ಮೂರು ಜನ ಫೋನ್ ಮಾಡಿದ್ರು, ಅವರಿಗೂ ಒಂದೊಂದು ಸಲ ಹಾಗಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಅವತ್ತಿನಿಂದ ನಮ್ಮ ಗುಂಪಿನ ಮಾತೇ ಬೇರೆ ಆಯ್ತು. ನಿದ್ದೆ ಸಾಲದೆ ಅರ್ಧಕ್ಕೆ ಬಂದೆ ಅಂತ ಬರೆದ್ರೂ ಯಾರಾದ್ರೂ ಒಬ್ಬರು ಉತ್ತರ ಕೊಡ್ತಾರೆ.

— ಸೆಪ್ಟೆಂಬರ್‌ಗೆ ಕಾವೇರಿ ಟ್ರೇಲ್‌ನಲ್ಲಿ ಹಾಫ್ ಓಡಬೇಕು ಅಂತಿದ್ದೆ. ಆಗಲಿಕ್ಕಿಲ್ಲ ಅಲ್ವಾ?

— ಹಾಫ್ ಬೇಡ. 21 ಕಿಲೋಮೀಟರ್‌ಗೆ ಬೇಕಾದಷ್ಟು ವಾರ ಸಿಗೋದಿಲ್ಲ. ಆದ್ರೆ ಬಾ. ನೀರು ಕೊಡೋ ಮೇಜಿನ ಹತ್ತಿರ ಕೆಲಸ ಮಾಡು. ಕೊನೆಯವರು ಬರೋವರೆಗೂ ಇರಬೇಕು, ಅವರಿಗೇ ಹೆಚ್ಚು ಬೇಕಾಗಿರೋದು.

— ನೀರು ಕೊಡೋದರಲ್ಲಿ ಕಲಿಯೋದೇನಿದೆ ಮೇಡಂ? ಲೋಟ ಎತ್ತಿ ಕೈಗೆ ಕೊಡೋದು.

— ತುಂಬಾ ಇದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದ್ರು. ಶೇ 13 ಜನರಿಗೆ ರಕ್ತದಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆ. ಓಟದ ಕೊನೆಗೆ ತೂಕ ಇಳಿಯೋ ಬದಲು ಏರಿದವರಲ್ಲಿ ಅದು ಹೆಚ್ಚು. ಅಂದ್ರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರು. ನಾಲ್ಕೈದು ಗಂಟೆ ರಸ್ತೆಯಲ್ಲಿರೋ ನಿಧಾನದ ಓಟಗಾರರಿಗೆ ಈ ಅಪಾಯ ಜಾಸ್ತಿ, ಪ್ರತಿ ಮೇಜಿನಲ್ಲೂ ಒಂದೊಂದು ಲೋಟ ಕುಡೀತಾ ಬರ್ತಾರೆ. ಕುಡೀರಿ ಕುಡೀರಿ ಅಂತ ಒತ್ತಾಯ ಮಾಡಬಾರದು, ಬಾಯಾರಿದ್ರೆ ಕೊಡಬೇಕು. ಸುಸ್ತಾಗಿ ಬಂದವರ ಹತ್ತಿರ ಮಾತಾಡು. ಹೆಸರು ಕೇಳು, ಎಷ್ಟನೇ ಕಿಲೋಮೀಟರ್ ಅಂತ ಕೇಳು. ಉತ್ತರ ತೊದಲಿದ್ರೆ, ಅಸಂಬದ್ಧವಾದ್ರೆ, ನೀರು ಕೊಟ್ಟು ಕಳಿಸಬೇಡ, ಕೂರಿಸಿ ಆಂಬುಲೆನ್ಸ್‌ನವರಿಗೆ ಹೇಳು. ಮೈ ಕಾದು ತಬ್ಬಿಬ್ಬಾದವರಿಗೆ ಮೊದಲು ಮೈ ತಂಪು ಮಾಡಬೇಕು, ನೀರು ಸುರಿದು, ಐಸ್ ಇದ್ರೆ ಐಸ್ ಇಟ್ಟು.

— ಓಡೋದಕ್ಕಿಂತ ಇದೇ ಕಷ್ಟ ಇದ್ದ ಹಾಗಿದೆ.

— ಬೆಳಿಗ್ಗೆ ಮೂರೂವರೆಗೆ ಎದ್ದಿರಬೇಕು. ಹಿಂದಿನ ದಿನವೇ ಶ್ರೀರಂಗಪಟ್ಟಣಕ್ಕೆ ಬಂದುಬಿಡು, ನಮ್ಮ ಹೆಂಗಸರ ಗುಂಪೂ ಬರುತ್ತೆ. ಅವರ ಜೊತೆ ರಾತ್ರಿ ಬಾಳೆಹಣ್ಣು, ಉಪ್ಪು, ಕಿತ್ತಳೆ ಎಲ್ಲ ಪೊಟ್ಟಣ ಕಟ್ಟೋ ಕೆಲಸ ಇರುತ್ತೆ.

— ನಮ್ಮ ಗುಂಪಿನಿಂದ ಇನ್ನಿಬ್ಬರನ್ನ ಕರ್ಕೊಂಡು ಬರ್ಲಾ? ಒಬ್ಬನಿಗೆ ಹಿಮ್ಮಡಿ ನೋವು, ಮೂರು ತಿಂಗಳಿಂದ ಓಡಿಲ್ಲ. ಇನ್ನೊಬ್ಬನಿಗೂ ಏನೋ ಆಗಿದೆ, ಹೇಳ್ತಿಲ್ಲ.

— ಹೇಳದವನನ್ನ ಮೊದಲು ಕರ್ಕೊಂಡು ಬಾ. ಇವತ್ತೇ ಫೋನ್ ಮಾಡು ಅವನಿಗೆ.